ಧನುರ್ಮಾಸದಲ್ಲಿ ಮಾಡಿದ ಸಿನಿಮಾ

ಮದುವೆ ವಿಡಿಯೊ ಮಾಡುವವರಿಗೆ ವರ್ಷದಲ್ಲಿ ಒಂದು ತಿಂಗಳು ಪೂರ್ತಿ ಬಿಡುವು ಸಿಗುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ಧನುರ್ಮಾಸದಲ್ಲಿ ನಮ್ಮ ಕಡೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಮೈಸೂರಿನಲ್ಲಿ ನಾನು ಕೆಲಸ ಮಾಡುವ ಸ್ಟುಡಿಯೊದ ಕ್ಯಾಮೆರಾಗಳು ಬ್ಯಾಗಿನಲ್ಲೇ ಮಲಗಿರುತ್ತವೆ. ಎಂಟು ವರ್ಷ ಆ ಬ್ಯಾಗುಗಳನ್ನು ನೋಡಿಕೊಂಡು, ಈ ಸಲ ಒಂದನ್ನು ಊರಿಗೆ ತಗೊಂಡು ಹೋಗಿಬಿಡಲಾ ಅಂತ ಯೋಚಿಸುತ್ತಿದ್ದೆ. ಹೋದ ಧನುರ್ಮಾಸದಲ್ಲಿ ಧೈರ್ಯ ಮಾಡಿ ಕೇಳಿದೆ. ಸ್ಟುಡಿಯೊ ಸರ್ ಒಂದೇ ಮಾತಿಗೆ ಒಪ್ಪಿದರು, ಬಾಡಿಗೆಯನ್ನೂ ಕೇಳಲಿಲ್ಲ.

ನಮ್ಮೂರು ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ, ಮೈಸೂರಿಂದ ಬೈಕಿನಲ್ಲಿ ಒಂದು ಗಂಟೆ ದಾರಿ. ಅಲ್ಲಿ ದೊಡ್ಡಪ್ಪನ ಬೆಲ್ಲ ಮಾಡುವ ಆಲೆಮನೆ ಇದೆ. ಕಥೆಯೂ ಅಲ್ಲಿಯದೇ. ಅಣ್ಣ ತಮ್ಮ ಇಬ್ಬರಿಗೆ ಸೇರಿದ ಒಂದು ಆಲೆಮನೆ. ಅದನ್ನು ಮುಚ್ಚಿ ಕಬ್ಬನ್ನೆಲ್ಲ ಕಾರ್ಖಾನೆಗೆ ಹಾಕೋಣ ಅಂತ ತಮ್ಮ, ಬೇಡ ಅಂತ ಅಣ್ಣ. ಮೈಸೂರಿನಿಂದ ಮಗಳು ಊರಿಗೆ ಬಂದು ಒಂದು ವಾರ ಇರುತ್ತಾಳೆ, ಆ ಒಂದು ವಾರದಲ್ಲಿ ಏನೇನಾಯಿತು ಅನ್ನುವುದೇ ಸಿನಿಮಾ. ಒಂದು ಗಂಟೆ ಎಂಟು ನಿಮಿಷ. ಅಣ್ಣನಾಗಿ ದೊಡ್ಡಪ್ಪ, ತಮ್ಮನಾಗಿ ಅಪ್ಪ, ಅವನ ಹೆಂಡತಿಯಾಗಿ ಅವ್ವ. ಮಗಳಾಗಿ ಚಿಕ್ಕಪ್ಪನ ಮಗಳು, ನನ್ನ ತಂಗಿ, ಅವಳು ಮೈಸೂರಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕ್ಯಾಮೆರಾ ನನ್ನದು. ಸೌಂಡ್ ನನ್ನ ತಮ್ಮನದು, ಅವನು ಊರಲ್ಲಿ ಎಲೆಕ್ಟ್ರಿಷಿಯನ್. ಹೈಸ್ಕೂಲಿನಿಂದ ಜೊತೆಗಿರುವ ಗೆಳತಿಯೊಬ್ಬಳು ಟೀಚರ್, ಅವಳು ಶಾಲೆ ಬಿಟ್ಟ ಮೇಲೆ ಮತ್ತು ಭಾನುವಾರಗಳಲ್ಲಿ ಬಂದು ಕಂಟಿನ್ಯುಟಿ, ಅಂದರೆ ಯಾವ ಸೀನಿನಲ್ಲಿ ಯಾರು ಹೇಗಿದ್ದರು ಅನ್ನುವುದನ್ನು, ಬರೆದುಕೊಂಡಳು.

ನಟನೆ ಗೊತ್ತಿಲ್ಲದ ಊರವರನ್ನು ಇಟ್ಟುಕೊಂಡು ಸಿನಿಮಾ ಆಗುತ್ತದಾ ಅಂತ ಮಂಡ್ಯದವರಿಗೆ ಯಾರೂ ಕೇಳುವ ಹಾಗಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯಲ್ಲಿ ಇದ್ದದ್ದು ನಮ್ಮ ಜಿಲ್ಲೆಯ ಹಳ್ಳಿಯ ಜನರೇ. ಅದನ್ನು ನೋಡಿದ ದಿನದಿಂದ ನನಗೆ ಆ ಅನುಮಾನ ಇಲ್ಲ. ನನಗೆ ಗೊತ್ತಿಲ್ಲದೆ ಇದ್ದದ್ದು ಬೇರೆ. ನಮ್ಮವರು ದುಡ್ಡು ತಗೊಳ್ಳುವುದಿಲ್ಲ, ಆದ್ದರಿಂದ ಅವರ ದಿನಗಳಿಗೆ ಬೆಲೆ ಕಟ್ಟುವ ಅಭ್ಯಾಸವೇ ನಮಗೆ ಇರುವುದಿಲ್ಲ. ಈ ಒಂದು ವಿಷಯ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ಮೈಸೂರಲ್ಲಿ ಕೂತು ಶೆಡ್ಯೂಲ್ ಮಾಡಿದ್ದೆ. ಬೆಳಿಗ್ಗೆ ಆರರಿಂದ ಎಂಟು, ಒಳ್ಳೆ ಬೆಳಕು, ಅವ್ವನ ಸೀನ್‌ಗಳು. ಸಂಜೆ ನಾಲ್ಕೂವರೆಯಿಂದ ಆರು, ಮತ್ತೆ ಒಳ್ಳೆ ಬೆಳಕು, ಮತ್ತೆ ಅವ್ವ. ಎಷ್ಟು ಚೆನ್ನಾಗಿ ಕಂಡಿತ್ತು ಕಂಪ್ಯೂಟರಿನಲ್ಲಿ. ಆದರೆ ಆ ಎರಡೂ ಹೊತ್ತು ಹಸು ಹಾಲು ಕರೆದು ಡೈರಿಗೆ ಹಾಕುವ ಹೊತ್ತು. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ. ಮೊದಲ ದಿನ ಅವ್ವ ಏನೂ ಹೇಳಲಿಲ್ಲ. ನಾಲ್ಕು ಗಂಟೆಗೇ ಎದ್ದು ಕರೆದು ಇಟ್ಟು, ಸ್ನಾನ ಮಾಡಿ, ಸೀರೆ ಉಟ್ಟು ಆರಕ್ಕೆ ಬಂದು ನಿಂತಳು. ಮೂರನೇ ದಿನ ಎರಡು ಟೇಕ್ ನಡುವೆ ಗೋಡೆಗೆ ಒರಗಿ ಹಾಗೇ ನಿದ್ದೆ ಹೋದಳು. ಅವತ್ತು ಸಂಜೆ ಆ ಶೆಡ್ಯೂಲ್ ಪಕ್ಕಕ್ಕಿಟ್ಟು, ಒಂದು ಹಾಳೆಯಲ್ಲಿ ಮನೆಯವರೆಲ್ಲರ ದಿನ ಬರೆದುಕೊಂಡೆ. ಅವ್ವನಿಗೆ ಡೈರಿ. ಅಪ್ಪನಿಗೆ ನಾಲೆ ನೀರು, ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿ ಮೇಲೆ, ಬಿಡುವುದರಿಂದ ನಮ್ಮ ಗದ್ದೆ ಕಡೆಗೆ ಬಂದಾಗ ಹಗಲೋ ರಾತ್ರಿಯೋ ಹೋಗಲೇಬೇಕು. ದೊಡ್ಡಪ್ಪನಿಗೆ ಒಲೆ. ತಮ್ಮನಿಗೆ ಯಾರ ಮನೆ ಮೋಟರ್ ಸುಟ್ಟರೂ ಫೋನ್. ಇವೆಲ್ಲ ಬರೆದ ಮೇಲೆ ಉಳಿದ ಜಾಗದಲ್ಲಿ ಸಿನಿಮಾ ಇಟ್ಟೆ. ಅವ್ವನ ಸೀನ್‌ಗಳೆಲ್ಲ ಮಧ್ಯಾಹ್ನಕ್ಕೆ ಹೋದವು, ಕಥೆಯಲ್ಲಿ ಬೆಳಗಿನ ಅಡುಗೆಮನೆ ಮಧ್ಯಾಹ್ನದ ಅಡುಗೆಮನೆ ಆಯಿತು. ಹಂಚಿನ ಸಂದಿಯ ಗಾಜಿನಿಂದ ಹನ್ನೆರಡು ಗಂಟೆಗೆ ಒಂದು ಕೋಲು ಬಿಸಿಲು ನೆಟ್ಟಗೆ ಒಲೆಯ ಮೇಲೆ ಬೀಳುತ್ತದೆ, ಹೊಗೆ ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸಿನಿಮಾದಲ್ಲಿ ನನಗೆ ಜಾಸ್ತಿ ಇಷ್ಟವಾದ ಬೆಳಕು ಅದೇ.

ಇನ್ನೊಂದು ತಪ್ಪು ಅಡುಗೆಯದು. ಹನ್ನೊಂದು ಜನಕ್ಕೆ ಮೂರು ಹೊತ್ತು ಊಟ. ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಬೇಕು ಅಂತ ನಾವೇ ಕೇಳಿಕೊಂಡು, ಅದನ್ನು ಹಿತುಕುತ್ತಾ ಕೂರುವುದು ಮಾತ್ರ ಅವ್ವ ಮತ್ತು ದೊಡ್ಡವ್ವ. ಐದನೇ ದಿನ ಊರಿನ ಒಬ್ಬ ಅಕ್ಕನನ್ನು ಸಂಬಳಕ್ಕೆ ಕರೆದೆವು. ಮನೆಯವರನ್ನು ಸೇರಿಸಿಕೊಂಡು ಸಿನಿಮಾ ಮಾಡುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಕ್ಯಾಮೆರಾ ಮುಂದೆ ನಿಲ್ಲುವ ಅವ್ವನ ಕೈಗೆ ಸೌಟು ಕೊಡಬೇಡಿ. ಲೆನ್ಸ್ ಬಾಡಿಗೆಗೆ ಇಡುವ ದುಡ್ಡನ್ನು ಅಡುಗೆಯವರಿಗೆ ಇಡಿ.

ಆಲೆಮನೆ ವಿಷಯಕ್ಕೆ ಬರುತ್ತೇನೆ, ನಮ್ಮ ಅರ್ಧ ಸಿನಿಮಾ ಅಲ್ಲೇ ಇರುವುದು. ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಾಣಕ್ಕೆ ಕಬ್ಬು ಕೊಟ್ಟು ಹಾಲು ತೆಗೆಯುತ್ತಾರೆ. ಹಾಲು ಕೊಪ್ಪರಿಗೆಗೆ ಹೋಗುತ್ತದೆ, ಅರೆದ ಕಬ್ಬಿನ ರಚ್ಚನ್ನು ಒಣಗಿಸಿ ಅದನ್ನೇ ಒಲೆಗೆ ಹಾಕುತ್ತಾರೆ. ಕಾಯುತ್ತಾ ಕಾಯುತ್ತಾ ಮೇಲೆ ಬರುವ ಕೊಳೆ ನೊರೆ ತೆಗೆಯಬೇಕು. ದೊಡ್ಡಪ್ಪ ಸುಣ್ಣದ ಜೊತೆ ಬೆಂಡೆಗಿಡ ಜಜ್ಜಿದ ಲೋಳೆ ಹಾಕುತ್ತಾರೆ, ಅದು ಕೊಳೆಯನ್ನು ಹಿಡಿದು ಮೇಲಕ್ಕೆ ತರುತ್ತದೆ. ಕೊನೆಗೆ ಹಾಲು ಗಟ್ಟಿಯಾಗಿ ಪಾಕ ಆಗುವಾಗ ನಾಲ್ಕು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರೆ. ಹದ ಬಂತು ಅಂದರೆ ಬಂತು. ತಕ್ಷಣ ಇಳಿಸಬೇಕು. ಆಮೇಲೆ ತೊಟ್ಟಿಗೆ ಸುರಿದು, ತಿರುವಿ, ಅಚ್ಚಿಗೆ ಹಾಕುವುದು. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬರುತ್ತದೆ.

ಸಿನಿಮಾದವಳ ಕಣ್ಣಲ್ಲಿ ನೋಡಿದರೆ ಇದರ ಅರ್ಥ, ಒಂದು ಕೊಪ್ಪರಿಗೆ ಅಂದರೆ ಒಂದು ಟೇಕ್. ಪಾಕ ಇಳಿಸುವ ಶಾಟ್ ತಪ್ಪಿದರೆ ಇನ್ನೊಂದಕ್ಕೆ ಎರಡೂವರೆ ಮೂರು ಗಂಟೆ ಕಾಯಬೇಕು. ಮತ್ತು ಆ ಹೊತ್ತಿಗೆ ಬಿಸಿಲು ಎಲ್ಲೋ ಹೋಗಿರುತ್ತದೆ. ಮೊದಲ ಸಲ ಹಬೆ ಲೆನ್ಸ್‌ಗೆ ಹಿಡಿದು ಎಲ್ಲ ಬೆಳ್ಳಗಾಯಿತು. ಹೊರಗೆ ಧನುರ್ಮಾಸದ ಚಳಿ, ಒಳಗೆ ಕುದಿಯುವ ಹಾಲು, ತಣ್ಣಗಿನ ಗಾಜಿನ ಮೇಲೆ ಹಬೆ ಕೂರದೆ ಇನ್ನೇನು? ಆಮೇಲೆ ಶಾಟ್‌ಗೆ ಅರ್ಧ ಗಂಟೆ ಮುಂಚೆಯೇ ಕ್ಯಾಮೆರಾನ ಒಳಗೆ ತಂದು ಒಲೆಯ ಬೆಚ್ಚಗಿನ ಗಾಳಿಗೆ ಒಗ್ಗಲು ಬಿಡುವುದು ರೂಢಿ ಮಾಡಿಕೊಂಡೆವು. ಎರಡನೇ ಸಲ ಫೋಕಸ್ ತಪ್ಪಿತು. ಮೂರನೇ ಸಲ, ಅದು ಹತ್ತನೇ ದಿನ ಸಂಜೆ, ಎಲ್ಲ ಕೂಡಿ ಬಂತು. ಹಂಚಿನ ಸಂದಿಯಿಂದ ಕೆಂಪು ಬಿಸಿಲು ಹಬೆಯೊಳಗೆ ಇಳಿದಿತ್ತು, ದೊಡ್ಡಪ್ಪ ಬೆರಳಲ್ಲಿ ಉಂಡೆ ನೋಡಿ ತಲೆ ಎತ್ತಿದರು. ‘ದೊಡ್ಡಪ್ಪಾ, ಒಂದೇ ನಿಮಿಷ, ಆ ಕಡೆ ಬಂದುಬಿಡ್ತೀನಿ, ಅಲ್ಲಿಂದ ನಿಮ್ಮ ಮುಖ ಕಾಣುತ್ತೆ’ ಅಂದೆ. ಅವರು ಒಲೆಯಿಂದ ಕಣ್ಣು ತೆಗೆಯದೆ ಬೇಗ ಬಾ ಅನ್ನುವ ಹಾಗೆ ಕೈ ಮಾಡಿದರು. ನಾನು ಹೋದೆ, ಟ್ರೈಪಾಡ್ ಇಟ್ಟೆ, ಫೋಕಸ್ ಹಿಡಿದೆ, ಹ್ಞೂಂ ಅಂದೆ. ಇಳಿಸಿದರು. ಆ ಶಾಟ್ ಮೂರು ನಿಮಿಷ ಹತ್ತು ಸೆಕೆಂಡ್, ಎಲ್ಲೂ ಕತ್ತರಿಸದೆ ಸಿನಿಮಾದಲ್ಲಿ ಇಟ್ಟಿದ್ದೇನೆ.

ಬೆಂಕಿಯ ಹತ್ತಿರ ಕೆಲಸ ಮಾಡುವ ಬಗ್ಗೆ ಸ್ಟುಡಿಯೊ ಸರ್ ಹೊರಡುವ ಮುಂಚೆಯೇ ಕೂರಿಸಿಕೊಂಡು ಹೇಳಿದ್ದರು. ಮೈಸೂರಿನ ಹಳೆಯ ಕ್ಯಾಮೆರಾದವರು ಯಾರೂ 1989ರ ಫೆಬ್ರುವರಿ ಮರೆತಿಲ್ಲ. ಪ್ರೀಮಿಯರ್ ಸ್ಟುಡಿಯೊದಲ್ಲಿ ಧಾರಾವಾಹಿ ಚಿತ್ರೀಕರಣದ ಹೊತ್ತಿನಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ತೀರಿಕೊಂಡರು. ಸರ್ ಆಗ ಹುಡುಗ, ಅವರಿಗೆ ಪರಿಚಯದವರು ಅದರಲ್ಲಿ ಇದ್ದರಂತೆ. ಅದಕ್ಕೇ ಆಲೆಮನೆಯೊಳಗೆ ಒಂದೇ ಒಂದು ವೈರ್ ಎಳೆಯಬೇಡ, ಬ್ಯಾಟರಿ ಲೈಟ್ ಮಾತ್ರ ತಗೊಂಡು ಹೋಗು, ಹೊರಗೆ ಹೋಗುವ ದಾರಿಯಲ್ಲಿ ಸ್ಟ್ಯಾಂಡ್ ಇಡಬೇಡ, ಒಳಗೆ ಆರು ಜನಕ್ಕಿಂತ ಜಾಸ್ತಿ ಬೇಡ ಅಂತ ಮಾತು ತಗೊಂಡು ಕಳಿಸಿದರು. ತಮ್ಮ ಎರಡು ಡ್ರಮ್ ನೀರು, ಎರಡು ಮರಳಿನ ಬಕೆಟ್ ಯಾವಾಗಲೂ ಬಾಗಿಲಲ್ಲಿ ಇಟ್ಟಿರುತ್ತಿದ್ದ. ಚಿಕ್ಕ ಸಿನಿಮಾ, ಮನೆ ಜನ ಅಂತ ಇದರಲ್ಲಿ ಸಲೀಸಾಗಿ ಇರಬಾರದು. ಮನೆ ಜನ ಅನ್ನುವುದಕ್ಕೇ ಇನ್ನೂ ಎಚ್ಚರ ಬೇಕು ಅಲ್ವಾ.

ನಟನೆಗೆ ನಾನು ಸಂಭಾಷಣೆ ಬರೆದಿದ್ದೆ. ಅಪ್ಪ ಅದನ್ನು ಶಾಲೆ ಹುಡುಗನ ಹಾಗೆ ಬಾಯಿಪಾಠ ಮಾಡಿಕೊಂಡು ಬಂದ. ಒಂದಕ್ಷರ ಬಿಡಲಿಲ್ಲ, ಆದರೆ ಅದು ಅಪ್ಪನ ದನಿಯೇ ಆಗಿರಲಿಲ್ಲ. ನೆಟ್ಟಗೆ ನಿಂತು, ಕೈ ಎರಡೂ ತೊಡೆಗೆ ಅಂಟಿಸಿಕೊಂಡು ಹೇಳಿದ. ನಾಲ್ಕು ಟೇಕ್ ಆದ ಮೇಲೆ ನನಗೆ ಹೊಳೆದದ್ದು, ಅಪ್ಪ ಬರಿಗೈಯಲ್ಲಿ ನಿಂತು ಮಾತಾಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಹಗ್ಗ ಹೊಸೆಯುತ್ತಾ ಮಾತಾಡುತ್ತಾನೆ, ಕುಡುಗೋಲು ಮಸೆಯುತ್ತಾ ಮಾತಾಡುತ್ತಾನೆ. ಕೈಗೆ ಒಂದು ಹಗ್ಗ ಕೊಟ್ಟು, ಮಾತು ಮರೆತುಬಿಡಪ್ಪ, ಆಲೆಮನೆ ಯಾಕೆ ಮುಚ್ಚಬೇಕು ಅಂತ ನಿನ್ನ ಮಗಳಿಗೆ ಹೇಳು ಅಂದೆ. ‘ನೋಡವ್ವ, ಬೆಂಕಿ ಮುಂದ್ ಕುಂತ್ಕಂಡು ನಮ್ಮಣ್ಣುನ್ ಕಣ್ಣೇ ಮಂಜಾಗೋಯ್ತು’ ಅಂತ ಶುರು ಮಾಡಿದ. ಅದು ನಾನು ಬರೆದದ್ದಲ್ಲ. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿರುವುದು ನಿಜ, ಅದಕ್ಕೆ ಅಪ್ಪ ಒಳಗೊಳಗೇ ನೊಂದುಕೊಂಡಿದ್ದು ನನಗೆ ಗೊತ್ತಾದದ್ದು ಕ್ಯಾಮೆರಾ ಓಡುತ್ತಿದ್ದಾಗ. ಕಥೆಯಲ್ಲಿ ತಮ್ಮನಿಗೆ ದುಡ್ಡಿನ ಆಸೆ ಅಂತ ಬರೆದಿದ್ದೆ. ಅವತ್ತೇ ಅದನ್ನು ತೆಗೆದೆ.

ಜಗಳದ ಸೀನ್ ಮಾತ್ರ ಆಗಲೇ ಇಲ್ಲ. ಅಣ್ಣನ ಮೇಲೆ ಕೂಗಾಡು ಅಂದರೆ ಅಪ್ಪನಿಗೆ ದನಿಯೇ ಬರಲ್ಲ. ಅರವತ್ತು ವರ್ಷದಲ್ಲಿ ಒಂದು ಸಲವೂ ಕೂಗದವನು ನನಗೋಸ್ಕರ ಹೇಗೆ ಕೂಗಿಯಾನು? ಸಿಟ್ಟು ಬಂದಾಗ ನೀನು ಏನು ಮಾಡ್ತೀಯಪ್ಪ ಅಂತ ಕೇಳಿದೆ. ‘ಉಣ್ಣಲ್ಲ’ ಅಂದ. ಹಾಗಾಗಿ ಸಿನಿಮಾದಲ್ಲಿ ಜಗಳ ಇಲ್ಲ. ಅಣ್ಣ ತಮ್ಮ ಆಲೆಮನೆಯ ಮುಂದೆ ಕೂತಿದ್ದಾರೆ, ದೊಡ್ಡವ್ವ ಮುದ್ದೆ ತಂದು ಇಡುತ್ತಾರೆ, ತಮ್ಮ ತಟ್ಟೆಯನ್ನು ಅಣ್ಣನ ಕಡೆ ಸರಿಸಿ ಎದ್ದು ಹೋಗುತ್ತಾನೆ. ಅಷ್ಟೇ.

ಸೌಂಡ್ ಬಗ್ಗೆ ಎಷ್ಟು ಬರೆದರೂ ಸಾಲದು. ಮದುವೆ ವಿಡಿಯೊದಲ್ಲಿ ವಾಲಗ, ಹಾಡು ಹಾಕಿ ಎಲ್ಲ ಮುಚ್ಚಿಬಿಡುತ್ತೇವೆ, ಸಿನಿಮಾದಲ್ಲಿ ಆಗುವುದಿಲ್ಲ. ಚಿತ್ರ ಸ್ವಲ್ಪ ಮಂಕಾಗಿದ್ದರೆ ನೋಡುವವರು ಹೊಂದಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಅದಕ್ಕೇ ಕ್ಯಾಮೆರಾಗೆ ಒಂದು ರೂಪಾಯಿ ಖರ್ಚು ಮಾಡದೆ ಮೈಕ್ ಮತ್ತು ರೆಕಾರ್ಡರ್ ಬಾಡಿಗೆಗೆ ತಂದೆ. ಉದ್ದದ ಬಿದಿರು ಗಳುವಿಗೆ ಮೈಕ್ ಕಟ್ಟಿ ತಮ್ಮ ತಲೆ ಮೇಲೆ ಎತ್ತಿ ಹಿಡಿದು ನಿಲ್ಲುತ್ತಿದ್ದ, ಮೈಕಿನ ತುದಿ ಫ್ರೇಮಿನ ಅಂಚಿಗೆ ಒಂದು ಗೇಣು ಮೇಲೆ. ಗಾಳಿ ಸದ್ದು ತಡೆಯಲು ತಂಗಿಯ ಹಳೇ ಗೊಂಬೆಯ ಉದ್ದ ಕೂದಲಿನ ಬಟ್ಟೆ ಬಿಚ್ಚಿ ಮೈಕಿಗೆ ಹೊಲಿದೆವು. ಆದರೂ ಕಬ್ಬಿನ ಗದ್ದೆಯಲ್ಲಿ ಕಷ್ಟವಾಯಿತು. ಗಾಳಿ ನಮಗೆ ಗೊತ್ತೇ ಆಗದಷ್ಟು ಸಣ್ಣಗೆ ಬೀಸಿದರೂ ಗರಿಗೆ ಗರಿ ಉಜ್ಜಿಕೊಂಡು ಮಳೆ ಸುರಿದ ಹಾಗೆ ಸದ್ದು. ಅಲ್ಲಿನ ಮಾತನ್ನೆಲ್ಲ ಕಾಲರ್ ಮೈಕಿನಲ್ಲಿ ತಗೊಂಡೆವು. ಗಾಣ ತಿರುಗುವಾಗ ಮಾತು ಬೇಡವೇ ಬೇಡ. ಅರೆಯುವ ಕೆಲಸ ಮುಗಿದು ಬರೀ ಒಲೆ ಉರಿಯುವ ಹೊತ್ತಿನಲ್ಲಿ ಮಾತಿನ ಸೀನ್ ಮಾಡಿ, ಗಾಣದ ಸದ್ದನ್ನು ಬೇರೆಯಾಗಿ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಎಡಿಟಿಂಗ್‌ನಲ್ಲಿ ಎಷ್ಟು ಬೇಕೋ ಅಷ್ಟು ಸೇರಿಸಿದೆ.

ಇದರ ಜೊತೆಗೆ ಪ್ರತಿ ಜಾಗದಲ್ಲೂ ಒಂದು ನಿಮಿಷ ಸುಮ್ಮನಿರುವ ಸದ್ದು ತಗೊಳ್ಳಬೇಕು. ಯಾರೂ ಮಾತಾಡದಿದ್ದರೂ ಅಡುಗೆಮನೆಗೆ ಒಂದು ಸದ್ದು ಇರುತ್ತದೆ, ಕೊಟ್ಟಿಗೆಗೆ ಒಂದು ಇರುತ್ತದೆ, ಎರಡು ಟೇಕ್ ಜೋಡಿಸಿದ ಕಡೆ ಹಳ್ಳ ಬೀಳದ ಹಾಗೆ ಅದನ್ನು ತುಂಬುತ್ತಾರೆ. ಹನ್ನೊಂದು ಜನ ನಮ್ಮ ಮನೆಯಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲುವುದು! ಮೊದಮೊದಲು ನಗು ತಡೆಯಲಾರದೆ ನಾಲ್ಕೈದು ಸಲ ಹಾಳಾಯಿತು. ಆಮೇಲೆ ಏನೋ ಆಯಿತು, ಅವ್ವನಿಗೆ ಅದು ಇಷ್ಟವಾಗತೊಡಗಿತು. ‘ಆ ನಿಮ್ಸ ಮಾಡಾದಿಲ್ವೇನವ್ವ’ ಅಂತ ಅವಳೇ ನೆನಪಿಸುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ದೂರದಲ್ಲಿ ಟ್ರ್ಯಾಕ್ಟರ್, ನಮ್ಮ ಹಸು ಮೆಲುಕು ಹಾಕುವುದು, ಹಂಚಿನ ಮೇಲೆ ಗುಬ್ಬಚ್ಚಿ. ಅಂಥ ಮೂವತ್ತಾರು ನಿಮಿಷ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಒಂದೊಂದು ಸಲ ರಾತ್ರಿ ಮೈಸೂರಿನ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ಕೇಳುತ್ತೇನೆ.

ಧನುರ್ಮಾಸ ಅಂದಮೇಲೆ ಬೆಳಗಿನ ಜಾವದ ಪೂಜೆ, ದೇವಸ್ಥಾನದ ಮೈಕ್. ಅದನ್ನು ಆಫ್ ಮಾಡಿ ಅಂತ ಕೇಳುವ ಮನಸ್ಸು ನಮಗೆ ಯಾರಿಗೂ ಇರಲಿಲ್ಲ. ಹುಗ್ಗಿ ಪ್ರಸಾದ ತಿಂದು, ಮೈಕ್ ನಿಂತ ಮೇಲೆ ಶುರು ಮಾಡುತ್ತಿದ್ದೆವು. ಒಂದು ದಿನ ಮರೆತೆವು. ಅವ್ವ ಅಂಗಳ ಸಾರಿಸುತ್ತಾ ಮಗಳ ಜೊತೆ ಮಾತಾಡುವ ಅದ್ಭುತವಾದ ಟೇಕ್, ಹಿಂದೆ ದೂರದಿಂದ ಒಂದು ಕ್ಯಾಸೆಟ್ ಹಾಡು. ಇನ್ನೊಬ್ಬರ ಹಾಡು ನಮ್ಮ ಸಿನಿಮಾದಲ್ಲಿ ಹೀಗೆ ಕೇಳಿಸಿದರೂ ಅದಕ್ಕೆ ಹಕ್ಕು ತಗೊಳ್ಳಬೇಕಾಗುತ್ತದೆ, ಮಾತಿನ ಕೆಳಗೆ ಇರುವುದನ್ನು ಬಿಡಿಸಿ ತೆಗೆಯುವುದೂ ಕಷ್ಟ. ಆ ಟೇಕ್ ಬಿಟ್ಟುಬಿಟ್ಟೆ. ಇವತ್ತಿಗೂ ಬಿಟ್ಟ ಟೇಕ್‌ಗಳಲ್ಲಿ ಅದರ ಮೇಲೆ ಆಸೆ.

ಬೆಳಕಿನದು ಚಿಕ್ಕ ಮಾತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೋ 1/100ಕ್ಕೋ ಇಟ್ಟರೆ ಕ್ಯಾಮೆರಾಗೂ ಗೊತ್ತಾಗುವುದಿಲ್ಲ. ಎರಡನೇ ಕ್ಯಾಮೆರಾ ಅಂತ ಬಳಸಿದ ಫೋನಿನ ಶಟರ್ ಆಟೊಮ್ಯಾಟಿಕ್‌ನಲ್ಲಿ ಇದ್ದು, ರಾತ್ರಿ ಸೀನ್ ಪೂರ್ತಿ ಅಡ್ಡಪಟ್ಟೆ ಓಡಿತು. ಮಾರನೇ ದಿನ ತಮ್ಮ ಟ್ಯೂಬ್‌ಲೈಟ್ ಬಿಚ್ಚಿ ಹಳೇ ಕಾಲದ ತಂತಿ ಬಲ್ಬ್ ಹಾಕಿದ. ಮೈಸೂರಿನ ಶಿವರಾಂಪೇಟೆಯಿಂದ ತಂದ ಎರಡು ಥರ್ಮಾಕೋಲ್ ಹಾಳೆ, ಅಪ್ಪನ ಒಂದು ಬಿಳಿ ಪಂಚೆ, ಲೈಟಿಂಗ್ ಸಾಮಾನು ಅಂತ ನಮ್ಮ ಹತ್ತಿರ ಇದ್ದದ್ದು ಇಷ್ಟೇ.

ಹಸು ಸಿನಿಮಾದಲ್ಲಿ ಕಾಣುವುದಿಲ್ಲ, ದನಿ ಮಾತ್ರ ಇದೆ. ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತಗೊಂಡಿರಬೇಕು, ಇಲ್ಲದಿದ್ದರೆ ಮುಂದೆ ಸೆನ್ಸಾರ್ ಸರ್ಟಿಫಿಕೇಟ್‌ಗೆ ತೊಡಕು. ನಮಗೆ ಅಷ್ಟು ಸಮಯ ಇರಲಿಲ್ಲ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದನ್ನೂ ಹಾಗೇ ಮಾಡಿದೆವು. ಕ್ಯಾಮೆರಾನ ದನಗಳ ಕಡೆ ತಿರುಗಿಸಲೇ ಇಲ್ಲ. ನೋಡುತ್ತಾ ನಿಂತ ದೊಡ್ಡಪ್ಪನ ಮುಖದ ಮೇಲೆ ಬೆಂಕಿಯ ಬೆಳಕು ಬಂದು ಹೋಗುವುದು, ಗೊರಸಿನ ಸದ್ದು, ಹುಡುಗರ ಕೇಕೆ. ಅನುಮತಿ ಇದ್ದಿದ್ದರೂ ಈಗ ನಾನು ಹೀಗೇ ತೆಗೆಯುತ್ತಿದ್ದೆ.

ದೊಡ್ಡ ನಷ್ಟ ಒಂದು ಆಯಿತು, ನನ್ನ ಕೈಯಿಂದಲೇ. ಕಬ್ಬು ಸೂಲಂಗಿ ಬಂದಿತ್ತು. ಬೆಳಗಿನ ಮಂಜಿನಲ್ಲಿ ಗದ್ದೆ ಪೂರ್ತಿ ಬೆಳ್ಳಿ ಬಣ್ಣದ ತೆನೆ, ಅದರ ನಡುವಿನ ಬದುವಿನಲ್ಲಿ ಚಿಕ್ಕವ್ವ ಮತ್ತು ತಂಗಿ ನಡೆದು ಬರುತ್ತಾ ಮಾತಾಡುವ ಸೀನ್. ಚಿಕ್ಕವ್ವ ಎರಡು ದಿನ ಕೂಲಿ ಬಿಟ್ಟು ಬಂದಿದ್ದರು. ಅವತ್ತು ರಾತ್ರಿ ಒಂದು ಗಂಟೆಗೆ, ಕಾಪಿ ಆಗಿದೆ ಅಂದುಕೊಂಡು ಆ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ, ಮಾರನೇ ದಿನ ಬೆಳಿಗ್ಗೆ ಅದರ ಮೇಲೆಯೇ ಶೂಟ್ ಕೂಡ ಮಾಡಿದೆ. ಮಧ್ಯಾಹ್ನ ಗೊತ್ತಾಯಿತು. ರಿಕವರಿ ಸಾಫ್ಟ್‌ವೇರ್‌ನಲ್ಲಿ ತುಂಡು ತುಂಡು ಬಂದವು, ಒಂದೂ ಉಪಯೋಗಕ್ಕೆ ಬರಲಿಲ್ಲ. ಮತ್ತೆ ಮಾಡೋಣ ಅಂತ ಚಿಕ್ಕವ್ವನ ಹತ್ತಿರ ಹೇಳುವ ಹೊತ್ತಿಗೆ ಕಟಾವಿನವರು ಗದ್ದೆಗೆ ಇಳಿದಿದ್ದರು. ಅವರು ಬರುವ ದಿನ ನಮ್ಮ ಕೈಲಿ ಇರುವುದಿಲ್ಲ, ಬಂದಾಗ ಕಡಿಸಿಬಿಡಬೇಕು.

ಬದುವಿನ ಮೇಲೆ ಕೂತು ಅತ್ತೆ. ಚಿಕ್ಕವ್ವ ಪಕ್ಕದಲ್ಲಿ ಬಂದು ಕೂತು, ‘ಅದ್ಕ್ಯಾಕ್ ಅಳೀಯೆ, ಕಬ್ಬಿಲ್ದಿದ್ರೆ ಕೂಳೆ ಇಲ್ವಾ, ನಡಿ ನಡ್ಕಂಡು ಬರನ’ ಅಂದರು. ಹೌದು, ಕೂಳೆ ಇತ್ತು. ಕಡಿದ ಗದ್ದೆ, ಹರಡಿದ ತರಗು, ನೆಲದಿಂದ ಎರಡು ಬೆರಳು ಮೇಲೆ ಕೂಳೆಯ ಬುಡಗಳು, ಆಚೆ ಕೊನೆಯಿಂದ ಇಬ್ಬರು ಹೆಂಗಸರು ನಡೆದು ಬರುತ್ತಾರೆ, ಕಾಲಿಗೆ ತರಗು ಸಿಕ್ಕಿ ಕರಕರ ಅನ್ನುತ್ತದೆ. ಕಥೆಯಲ್ಲಿ ಆ ವಾರ ಕಟಾವು ಆಗಿಹೋಯಿತು ಅಂತ ಬದಲಾಯಿಸಿದೆ. ಆಲೆಮನೆಗೆ ಹೋಗಬೇಕಾದ ಕಬ್ಬು ಕಾರ್ಖಾನೆಗೆ ಹೋಗಿದೆ ಅನ್ನುವುದು ಒಂದು ಮಾತೂ ಇಲ್ಲದೆ ಈಗ ಅರ್ಥವಾಗುತ್ತದೆ. ಆದರೆ ಸೂಲಂಗಿಯ ಆ ಬೆಳಿಗ್ಗೆ ಹೋದದ್ದು ಹೋಯಿತು, ಅದನ್ನು ನಾನು ಮರೆಯುವುದಿಲ್ಲ. ಅವತ್ತಿನಿಂದ ತುಂಬಿದ ಕಾರ್ಡಿಗೆ ಕೆಂಪು ದಾರ ಕಟ್ಟುವುದು, ಎರಡು ಹಾರ್ಡ್ ಡಿಸ್ಕಿಗೂ ಕಾಪಿ ಆಗಿ ನನ್ನ ಜೊತೆ ಇನ್ನೊಬ್ಬರು ನೋಡಿದ ಮೇಲೆಯೇ ದಾರ ಬಿಚ್ಚುವುದು. ರಾತ್ರಿ ಹತ್ತರ ಮೇಲೆ ಕಾರ್ಡ್ ಮುಟ್ಟುವ ಹಾಗಿಲ್ಲ.

ಎಡಿಟಿಂಗ್ ಏಳು ತಿಂಗಳು. ಮದುವೆ ಸೀಸನ್ ಮಧ್ಯೆ, ರಾತ್ರಿಗಳಲ್ಲಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಪುಕ್ಕಟೆ ಆವೃತ್ತಿಯಲ್ಲೇ ಪೂರ್ತಿ ಮಾಡಿದೆ. ಗೆಳತಿ ಬರೆದ ಕಂಟಿನ್ಯುಟಿ ಪುಸ್ತಕ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಅಪ್ಪ ನಡುವೆ ಒಂದು ದಿನ ಯಾರದೋ ಮದುವೆ ಮಾತುಕತೆಗೆ ಅಂತ ನೀಟಾಗಿ ಶೇವ್ ಮಾಡಿಸಿಕೊಂಡು ಬಂದಿದ್ದ, ಯಾವ ಸೀನ್ ಅದಕ್ಕೆ ಮುಂಚೆ ಯಾವುದು ಆಮೇಲೆ ಅಂತ ಅವಳು ಪ್ರತಿಯೊಂದನ್ನೂ ಗುರುತು ಹಾಕಿದ್ದಳು.

ಖರ್ಚಿಗೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಊಟ, ಅಡುಗೆ ಅಕ್ಕನ ಸಂಬಳ ಸೇರಿ 38,000. ಮೈಕ್, ರೆಕಾರ್ಡರ್ ಬಾಡಿಗೆ 21,000. ಬೆಂಗಳೂರಿನ ಗೆಳೆಯನೊಬ್ಬ ಸೌಂಡ್ ಮಿಕ್ಸ್ ಮಾಡಿದ್ದಕ್ಕೆ 25,000, ಅದು ಅವನು ಬೇರೆಯವರಿಗೆ ಹೇಳುವುದರಲ್ಲಿ ಅರ್ಧವೂ ಅಲ್ಲ. ಹಾರ್ಡ್ ಡಿಸ್ಕ್ 14,000, ಪೆಟ್ರೋಲ್ ಆಟೊ 9,000, ಸಣ್ಣಪುಟ್ಟದ್ದು 5,000. ಒಟ್ಟು 1,12,000. ನನ್ನ ಮೂರು ವರ್ಷದ ಉಳಿತಾಯ.

ಮುಗಿದ ಮೇಲೆ ಮೊದಲು ಊರಲ್ಲೇ ತೋರಿಸಬೇಕು ಅಂತ ಇತ್ತು. ಸಾರ್ವಜನಿಕವಾಗಿ ತೋರಿಸಲು 1952ರ ಸಿನಿಮಾಟೊಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ನಮ್ಮ ಹತ್ತಿರ ಇನ್ನೂ ಇಲ್ಲ. ಹಾಗಾಗಿ ಮೈಕ್ ಹಾಕಿ ಊರನ್ನು ಕರೆಯಲಿಲ್ಲ. ಕೆಲಸ ಮಾಡಿದ ಮನೆಯವರಷ್ಟೇ ಆಲೆಮನೆಯೊಳಗೆ ಸೇರಿದೆವು. ಅಪ್ಪ ಒಂದು ಗೋಡೆಗೆ ಸುಣ್ಣ ಬಳಿದಿದ್ದ, ಸ್ಟುಡಿಯೊ ಸರ್ ಪ್ರೊಜೆಕ್ಟರ್ ಹಿಡಿದುಕೊಂಡು ತಾವೇ ಬಂದರು. ಅವ್ವ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಏಳೂವರೆಗೆ ಶುರು.

ಎಲ್ಲರೂ ಮಾತಾಡಿಕೊಂಡೇ ನೋಡಿದರು. ಅದು ಯಾರ ಗದ್ದೆ, ಅವತ್ತು ಏನು ಸಾರು ಇತ್ತು, ಆ ಸೀರೆ ಎಲ್ಲಿ ತಗೊಂಡದ್ದು. ತಟ್ಟೆ ಸರಿಸಿ ಎದ್ದು ಹೋಗುವಾಗ ಮಾತ್ರ ಎಲ್ಲ ಸುಮ್ಮನಾದರು. ಅಪ್ಪ ಕತ್ತಲಲ್ಲಿ ತನ್ನ ಅಣ್ಣನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತದ್ದನ್ನು ನಾನು ನೋಡಿದೆ.

ಆಮೇಲೆ ಪಾಕ ಇಳಿಸುವ ಶಾಟ್ ಬಂತು. ಕೆಂಪು ಬಿಸಿಲು, ಹಬೆ, ದೊಡ್ಡಪ್ಪನ ಮುಖ. ತಂಗಿ ಚಪ್ಪಾಳೆ ಹೊಡೆದಳು. ದೊಡ್ಡಪ್ಪ ಮುಂದಕ್ಕೆ ಬಾಗಿ, ಪೊರೆ ಬಂದ ಕಣ್ಣು ಕಿರಿದು ಮಾಡಿಕೊಂಡು ಗೋಡೆ ನೋಡುತ್ತಿದ್ದರು. ಪಾಕ ತೊಟ್ಟಿಗೆ ಬಿದ್ದಾಗ ಪಕ್ಕದಲ್ಲಿದ್ದ ದೊಡ್ಡವ್ವನಿಗೆ ಮೆಲ್ಲಗೆ ‘ಕರ್ರಗಾಗೋಗದೆ ನೋಡು’ ಅಂದರು.

ನಾನು ಹಿಂದೆ ಪ್ರೊಜೆಕ್ಟರ್ ಹತ್ತಿರ ಇದ್ದೆ, ಕೇಳಿಸಿತು. ಮುಗಿದ ಮೇಲೆ ದೊಡ್ಡವ್ವನನ್ನು ಹೊರಗೆ ಕರೆದು ಕೇಳಿದೆ. ಮೊದಲು ಏನಿಲ್ಲ ಬುಡು ಅಂದರು. ಮತ್ತೆ ಮತ್ತೆ ಕೇಳಿದಾಗ ಹೇಳಿದರು. ಅವತ್ತು ನಾನು ಟ್ರೈಪಾಡ್ ತಗೊಂಡು ಆ ಕಡೆ ಬರುವಷ್ಟರಲ್ಲಿ ಹದ ದಾಟಿತ್ತು. ಪಾಕ ಒಂದೆರಡು ನಿಮಿಷ ಜಾಸ್ತಿ ಕಾದರೆ ಬೆಲ್ಲ ಕಪ್ಪಾಗುತ್ತದೆ, ಕಪ್ಪು ಬೆಲ್ಲಕ್ಕೆ ಮಂಡಿಯಲ್ಲಿ ಬೆಲೆ ಇಳಿಯುತ್ತದೆ. ಆ ಕೊಪ್ಪರಿಗೆಯ ಬೆಲ್ಲ ಪೂರ್ತಿ ಬೇರೆ ಇಟ್ಟು, ಸಿಕ್ಕಿದ ಬೆಲೆಗೆ ಕೊಟ್ಟರಂತೆ. ಮಗು ಕೇಳ್ತಲ್ಲ ಅಂತ ನಿಂತರಂತೆ. ಮನೆಯಲ್ಲಿ ಯಾರೂ ಆ ಮಾತು ಎತ್ತಬಾರದು ಅಂತಲೂ ಹೇಳಿದ್ದರಂತೆ.

ನಾನು ದೊಡ್ಡಪ್ಪನ ಹತ್ತಿರ ಹೋಗಿ ಎಷ್ಟು ಕಡಿಮೆ ಸಿಕ್ಕಿತು ಅಂತ ಕೇಳಿದೆ. ‘ಅದ್ಯಾವ್ ಲೆಕ್ಕ ಕಣ್ ಮಗ, ಮೊಕ ಚೆನ್ನಾಗ್ ಬಂದದೆ ಅಲ್ವಾ’ ಅಂದರು. ಹ್ಞೂಂ ದೊಡ್ಡಪ್ಪ, ಚೆನ್ನಾಗಿ ಬಂದಿದೆ ಅಂದೆ. ಇನ್ನೇನು ಹೇಳಲು ಗಂಟಲು ಬಿಡಲಿಲ್ಲ.

ಮೈಸೂರಿಗೆ ಬಂದ ಮೇಲೆ ನೋಟ್‌ಬುಕ್ ತೆಗೆದು, ಒಟ್ಟು ಮೊತ್ತದ ಕೆಳಗೆ ಆ ದಿನದ ತಾರೀಖು ಹಾಕಿ, ‘ಕೊಪ್ಪರಿಗೆ, 1’ ಅಂತ ಬರೆದಿದ್ದೇನೆ. ಎದುರಿಗೆ ರೂಪಾಯಿ ಬರೆಯುವ ಜಾಗ ಇನ್ನೂ ಖಾಲಿ. ಊರಿಗೆ ಹೋದಾಗಲೆಲ್ಲ ಕೇಳುತ್ತೇನೆ, ದೊಡ್ಡಪ್ಪ ಹೇಳುತ್ತಿಲ್ಲ.